ಕ್ರಯಪತ್ರ ಓದಿದ ಹಾಗೆ ಲೀಸನ್ನೂ ಓದಿ: ಇಂಗ್ಲೆಂಡಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಇಂಗ್ಲೆಂಡ್ ಮತ್ತು ವೇಲ್ಸ್‌ನ ಫ್ಲ್ಯಾಟುಗಳಲ್ಲಿ ವಾಸವಾಗಿರುವ ಕನ್ನಡಿಗರಿಗೆ, ಮತ್ತು ಅಂಥ ಕಟ್ಟಡಗಳ ಆಡಳಿತ ಕಂಪನಿಗಳಲ್ಲಿ ನಿರ್ದೇಶಕರಾಗಿರುವ ನಮ್ಮವರಿಗೆ

ಮಾನ್ಯರೇ,

ಈ ವರ್ಷದ ಯುಗಾದಿಯ ಸಂಜೆ ನಮ್ಮೂರಿನ ಕನ್ನಡಿಗರು ಸೇರಿದ್ದ ಸಭಾಂಗಣದಲ್ಲಿ, ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ ನಾಲ್ಕು ಮನೆಯವರ ಮಾತು ಅದು ಹೇಗೋ ಪಾರ್ಕಿಂಗಿನ ಕಡೆಗೆ ತಿರುಗಿತು. ನಾಲ್ವರಲ್ಲಿ ಮೂವರಿಗೆ, ತಮ್ಮದೇ ಕಟ್ಟಡದ ತಮ್ಮದೇ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕೆ, ಖಾಸಗಿ ಪಾರ್ಕಿಂಗ್ ಕಂಪನಿಯೊಂದರಿಂದ ನೂರು ಪೌಂಡಿನ ನೋಟಿಸು ಬಂದಿತ್ತು. ಇಬ್ಬರಿಗೆ ಅದು ಕೋರ್ಟಿನ ದಾವೆಯ ತನಕ ಹೋಗಿತ್ತು. ಆ ಇಬ್ಬರೂ, ಬಂದ ಕಾಗದದ ಮೇಲೆ ನ್ಯಾಯಾಲಯದ ಮುದ್ರೆ ಕಂಡ ವಾರದಲ್ಲೇ, ಕೇಳಿದಷ್ಟು ಹಣ ಕಟ್ಟಿ ಕೈತೊಳೆದುಕೊಂಡಿದ್ದರು. ‘ಕೋರ್ಟು ಕಚೇರಿಯ ಸಹವಾಸ ನಮಗೇಕೆ’ ಎಂದು ಒಬ್ಬರು ಹೇಳಿದಾಗ ಉಳಿದವರೆಲ್ಲ ತಲೆಯಾಡಿಸಿದರು.

ಅವರನ್ನು ಆಕ್ಷೇಪಿಸಲು ಈ ಪತ್ರ ಬರೆಯುತ್ತಿಲ್ಲ. ಅಂಥದೇ ದಾವೆ ನನ್ನ ಮೇಲೂ ಬಂದಿತ್ತು. ನಾನು ತಕರಾರು ಸಲ್ಲಿಸಿದೆ. ದಾವೆ ವಜಾ ಆಯಿತು. ನಾನು ವಕೀಲನಲ್ಲ, ಮತ್ತು ನನ್ನ ಗೆಲುವಿನಲ್ಲಿ ಜಾಣತನಕ್ಕಿಂತ ಒಂದು ದಾಖಲೆಯ ಪಾಲೇ ದೊಡ್ಡದು. ಆ ದಾಖಲೆ ನಿಮ್ಮಲ್ಲಿ ಬಹುತೇಕರ ಬೀರುವಿನಲ್ಲಿ, ಅಥವಾ ಮನೆ ಕೊಂಡಾಗ ಸಾಲಿಸಿಟರ್ ಕಳಿಸಿದ ಈಮೇಲಿನ ಜೊತೆಯಲ್ಲಿ, ಓದದೆ ಬಿದ್ದಿದೆ ಎಂಬುದು ಆ ಸಂಜೆಯ ಮಾತಿನಿಂದ ಗೊತ್ತಾದ್ದರಿಂದ ಇಷ್ಟು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನದು ಬೇರೆ.

ನನ್ನ ಪ್ರಕರಣ ಬಹಳ ಸಣ್ಣದು. ರೆಡಿಂಗಿನ ನಮ್ಮ ಕಟ್ಟಡದ ಹಿಂಭಾಗದ ಅಂಗಳದಲ್ಲಿ ನನ್ನ ಫ್ಲ್ಯಾಟಿಗೆ ಸೇರಿದ ಒಂದು ಪಾರ್ಕಿಂಗ್ ಜಾಗವಿದೆ. ಫ್ಲ್ಯಾಟು ಕೊಂಡು ನಾಲ್ಕು ವರ್ಷವಾದ ಮೇಲೆ ಆಡಳಿತ ಕಂಪನಿಯವರು, ಹೊರಗಿನವರ ಕಾರುಗಳ ಕಾಟ ತಪ್ಪಿಸಲೆಂದು, ಪಾರ್ಕಿಂಗ್ ಕಂಪನಿಯೊಂದನ್ನು ಕರೆತಂದರು. ಗೋಡೆಗಳ ಮೇಲೆ ಹಳದಿ ಫಲಕಗಳು ಬಂದವು. ಮನೆಗೊಂದರಂತೆ ಅಂಚೆಯಲ್ಲಿ ಕಾಗದದ ಪರ್ಮಿಟ್ಟು ಬಂತು. ಅದನ್ನು ಗಾಜಿಗೆ ಅಂಟಿಸಲು ಕೊಟ್ಟಿದ್ದ ಪ್ಲಾಸ್ಟಿಕ್ ಲಕೋಟೆಯ ಅಂಟು ಡಿಸೆಂಬರಿನ ತೇವಕ್ಕೆ ಬಿಟ್ಟುಹೋಗಿ, ಪರ್ಮಿಟ್ಟು ಡ್ಯಾಶ್‌ಬೋರ್ಡಿನ ಮೇಲೆ ಬೋರಲು ಬಿದ್ದಿತ್ತು. ಬೆಳಗಿನ ಜಾವ 5 ಗಂಟೆ 52 ನಿಮಿಷಕ್ಕೆ ಟಾರ್ಚು ಹಿಡಿದು ಬಂದ ಪಹರೆಯವನು ತೆಗೆದ ಆರು ಫೋಟೋಗಳನ್ನು ಕಂಪನಿಯವರೇ ನನಗೆ ಕಳಿಸಿದರು. ಮೂರನೆಯದರಲ್ಲಿ ಎಲ್ಲವೂ ಸ್ಪಷ್ಟ: ಗಾಜಿನ ಅಂಚಿಗೆ ಹಿಮದ ಪೊರೆ, ಒಳಗೆ ನನ್ನ ಮಗಳ ಒಂಟಿ ಕೈಗವಸು, ಅದರ ಪಕ್ಕದಲ್ಲಿ ಪರ್ಮಿಟ್ಟಿನ ಬಿಳಿ ಬೆನ್ನು. ಅಲ್ಲೊಂದು ಪರ್ಮಿಟ್ಟು ಇದೆ ಎಂಬುದು ಫೋಟೋ ತೆಗೆದವನಿಗೂ ತಿಳಿದಿತ್ತು ಎಂದೇ ನಾನು ಈಗಲೂ ನಂಬಿದ್ದೇನೆ.

ಹದಿನಾಲ್ಕು ದಿನದೊಳಗೆ ಕಟ್ಟಿದರೆ 60 ಪೌಂಡು, ಆಮೇಲೆ 100. ನಾನು ಪರ್ಮಿಟ್ಟಿನ ಪ್ರತಿ ಇಟ್ಟು ಮನವಿ ಬರೆದೆ, ತಿರಸ್ಕರಿಸಿದರು. ಬಳಿಕ ಸಾಲ ವಸೂಲಿಯವರ ಕೆಂಪಕ್ಷರದ ಪತ್ರಗಳು, ಅವುಗಳಲ್ಲಿ 100 ಎನ್ನುವುದು 170 ಆಯಿತು. ಒಂದು ವರ್ಷ ಕಳೆದ ಮೇಲೆ ಬಂದ ದಾವೆಯ ನಮೂನೆಯಲ್ಲಿ ಲೆಕ್ಕ ಹೀಗಿತ್ತು: ಮೂಲ ಹಣ ಮತ್ತು ‘ವಸೂಲಿ ವೆಚ್ಚ’ ಸೇರಿ 170 ಪೌಂಡು, ಶೇಕಡಾ 8ರ ಬಡ್ಡಿ 13.60, ಕೋರ್ಟು ಶುಲ್ಕ 35, ವಕೀಲರ ಶುಲ್ಕ 50, ಒಟ್ಟು 268.60. ನನ್ನದೇ ಜಾಗದಲ್ಲಿ, ನನ್ನದೇ ಕಾರಿನಲ್ಲಿ, ಒಂದು ಚೀಟಿ ಮಗುಚಿ ಬಿದ್ದದ್ದರ ಬೆಲೆ ಅದು.

ಮೊದಲಿಗೆ ಒಂದು ಮಾತಿನ ಗೊಂದಲ ಬಿಡಿಸಬೇಕು. ನಾವೆಲ್ಲ ಇದನ್ನು ‘ದಂಡ’ ಎನ್ನುತ್ತೇವೆ, ‘ಫೈನ್ ಬಂತು’ ಎನ್ನುತ್ತೇವೆ. ಇದು ದಂಡವಲ್ಲ. ನಗರಸಭೆ ಅಂದರೆ ಕೌನ್ಸಿಲ್ ಕಳಿಸುವ ಪೆನಾಲ್ಟಿ ಚಾರ್ಜ್ ನೋಟಿಸು ಕಾಯಿದೆಯ ಬಲದಿಂದ ಬರುವುದು. ಖಾಸಗಿ ಕಂಪನಿ ಕಳಿಸುವುದು ಪಾರ್ಕಿಂಗ್ ಚಾರ್ಜ್ ನೋಟಿಸು. ಎರಡಕ್ಕೂ ಪಿಸಿಎನ್ ಎಂಬ ಒಂದೇ ಹ್ರಸ್ವರೂಪ ಬರುವಂತೆ ಹೆಸರಿಟ್ಟವರು ಅದನ್ನು ತಿಳಿಯದೆ ಇಟ್ಟರೆಂದು ನನಗನಿಸುವುದಿಲ್ಲ. ಖಾಸಗಿಯವರ ನೋಟಿಸು ಹೇಳುವುದು ಇಷ್ಟೇ: ‘ನಮ್ಮ ಫಲಕ ಓದಿ ನೀವು ಕಾರು ನಿಲ್ಲಿಸಿದಿರಿ, ಹಾಗೆ ನಿಲ್ಲಿಸಿದ್ದರಿಂದ ನಮ್ಮೊಡನೆ ಒಂದು ಕರಾರಿಗೆ ಒಳಪಟ್ಟಿರಿ, ಆ ಕರಾರನ್ನು ಮುರಿದಿರಿ, ಆದ್ದರಿಂದ ಇಷ್ಟು ಹಣ ಕೊಡಿ.’ ಆದುದರಿಂದ ಇಡೀ ದಾವೆ ನಿಂತಿರುವುದು ಕರಾರು ಇತ್ತೇ ಇಲ್ಲವೇ ಎಂಬ ಪ್ರಶ್ನೆಯ ಮೇಲೆ. ಸೂಪರ್‌ಮಾರ್ಕೆಟ್ಟಿನ ಅಂಗಳಕ್ಕೆ ಹೋಗುವ ಮುನ್ನ ನಿಮಗೆ ಅಲ್ಲಿ ಯಾವ ಹಕ್ಕೂ ಇರುವುದಿಲ್ಲ. ಫಲಕವೇ ನಿಮಗೆ ಅನುಮತಿ ಕೊಡುತ್ತದೆ, ಷರತ್ತನ್ನೂ ಹಾಕುತ್ತದೆ. ನಿಮ್ಮ ಮನೆಯ ಅಂಗಳದಲ್ಲಿ, ಫಲಕ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, ನಿಲ್ಲಿಸುವ ಹಕ್ಕನ್ನು ನೀವು ಹಣ ಕೊಟ್ಟು ಕೊಂಡಿರುತ್ತೀರಿ. ಇರುವ ಹಕ್ಕನ್ನೇ ಇನ್ನೊಬ್ಬ ಬಂದು ‘ತಗೋ, ಕೊಟ್ಟೆ’ ಎಂದರೆ ಅಲ್ಲಿ ಕೊಟ್ಟದ್ದೇನು?

ಆ ಹಕ್ಕು ಬರೆದಿರುವುದು ಲೀಸಿನಲ್ಲಿ. ಲೀಸು ಎಂದೊಡನೆ ನಮ್ಮವರಿಗೆ ಬೆಂಗಳೂರಿನ ಲೀಸು ನೆನಪಾಗುತ್ತದೆ: ಒಂದಿಷ್ಟು ಲಕ್ಷ ಇಡುಗಂಟು ಕೊಟ್ಟು, ಬಾಡಿಗೆಯಿಲ್ಲದೆ ಮೂರು ವರ್ಷ ಇದ್ದು, ಹೊರಡುವಾಗ ಗಂಟು ವಾಪಸು ಪಡೆಯುವ ವ್ಯವಸ್ಥೆ. ಇಲ್ಲಿನ ಲೀಸು ಹಾಗಲ್ಲ. 125 ವರ್ಷಕ್ಕೋ 999 ವರ್ಷಕ್ಕೋ ಬರೆದುಕೊಟ್ಟ ಆ ದಾಖಲೆಯೇ ನಿಮ್ಮ ಫ್ಲ್ಯಾಟಿನ ಒಡೆತನ. ಊರಿನಲ್ಲಿ ನಮ್ಮ ಅಜ್ಜಂದಿರು ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಕ್ರಯಪತ್ರದ ಸ್ಥಾನ ಅದಕ್ಕೆ. ಆ ಹಿರಿಯರು ಇಂಗ್ಲಿಷು ಬಾರದಿದ್ದರೂ ಪತ್ರ ಬರೆಯುವವನ ಎದುರು ಕೂತು, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಓಣಿ ಎಂದು ಚಕ್ಕುಬಂದಿಯನ್ನು ಎರಡು ಸಲ ಓದಿಸಿಕೊಳ್ಳುತ್ತಿದ್ದರು. ಅವರ ಮೊಮ್ಮಕ್ಕಳಾದ ನಾವು ಮೂರು ಲಕ್ಷ ಪೌಂಡಿನ ಆಸ್ತಿಗೆ ಸಹಿ ಹಾಕುವಾಗ ಲೀಸಿನ ಕೊನೆಯ ಪುಟದ ನಕ್ಷೆಯನ್ನು ತಿರುಗಿಸಿಯೂ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ.

ದಾವೆ ಬಂದ ರಾತ್ರಿ ಕೂತು ಓದಿದೆ. ನಕ್ಷೆಯಲ್ಲಿ ಫ್ಲ್ಯಾಟಿನ ಸುತ್ತ ಕೆಂಪು ಗೆರೆ, ಅಂಗಳದ ಜಾಗದ ಸುತ್ತ ನೀಲಿ ಗೆರೆ. ಹಕ್ಕುಗಳನ್ನು ಹೇಳುವ ಅನುಸೂಚಿಯಲ್ಲಿ, ನೀಲಿ ಗೆರೆಯ ಜಾಗದಲ್ಲಿ ಒಂದು ಖಾಸಗಿ ಮೋಟಾರು ವಾಹನ ನಿಲ್ಲಿಸುವ ಹಕ್ಕು ಈ ಫ್ಲ್ಯಾಟಿನವರಿಗೆ ಮಾತ್ರ ಎಂದಿತ್ತು. ಪರ್ಮಿಟ್ಟು ಎಂಬ ಪದ ಇಡೀ ನಲವತ್ತೊಂದು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಇದಲ್ಲದೆ, ಬಹುಪಾಲು ಲೀಸುಗಳಲ್ಲಿ ಇರುವಂತೆ, ಮನೆಯವರು ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸಲು ಬಿಡತಕ್ಕದ್ದು ಎಂಬ ಭೂಮಾಲೀಕನ ಮಾತೂ ಇತ್ತು. ನಿಮ್ಮ ಲೀಸಿನಲ್ಲಿ ನೋಡಬೇಕಾದ ಜಾಗಗಳು ಇವೇ: ನಕ್ಷೆ, ಹಕ್ಕುಗಳ ಅನುಸೂಚಿ, ನೀವು ಪಾಲಿಸಬೇಕಾದ ಷರತ್ತುಗಳ ಅನುಸೂಚಿ. ಪ್ರತಿ ಕಳೆದುಹೋಗಿದ್ದರೆ ಭೂ ನೋಂದಣಿ ಕಚೇರಿಯಿಂದ, ಅಂದರೆ ಲ್ಯಾಂಡ್ ರಿಜಿಸ್ಟ್ರಿಯಿಂದ, ಅಲ್ಪ ಶುಲ್ಕಕ್ಕೆ ತರಿಸಬಹುದು. ಬಾಡಿಗೆಗೆ ಇರುವವರು ತಮ್ಮ ಬಾಡಿಗೆ ಕರಾರನ್ನೂ, ಮಾಲೀಕರಿಂದ ಅವರ ಲೀಸಿನ ಆ ಪುಟಗಳನ್ನೂ ಕೇಳಿ ಪಡೆಯಬೇಕು. ಮಾಲೀಕನಿಗೆ ಇರುವ ಹಕ್ಕೇ ನಿಮಗೆ ಇಳಿದು ಬಂದಿರುತ್ತದೆ.

ಕಂಪನಿಗಳ ಪರ ವಕೀಲರು ಪ್ರತಿ ದಾವೆಯಲ್ಲೂ ಮುಂದಿಡುವ ತೀರ್ಪೊಂದಿದೆ: ಪಾರ್ಕಿಂಗ್‌ಐ ವಿರುದ್ಧ ಬೀವಿಸ್, ಸುಪ್ರೀಂ ಕೋರ್ಟು, 4 ನವೆಂಬರ್ 2015. ಚೆಲ್ಮ್ಸ್‌ಫರ್ಡಿನ ಅಂಗಡಿ ಸಂಕೀರ್ಣವೊಂದರಲ್ಲಿ ಎರಡು ಗಂಟೆ ಉಚಿತವಾಗಿ ಕಾರು ನಿಲ್ಲಿಸಬಹುದಿತ್ತು. ಚಾಲಕ ಬೀವಿಸ್ 56 ನಿಮಿಷ ಹೆಚ್ಚು ನಿಲ್ಲಿಸಿದರು. 85 ಪೌಂಡಿನ ಶುಲ್ಕ ಸರಿಯೆಂದು ನ್ಯಾಯಾಲಯ ಹೇಳಿತು. ಈ ತೀರ್ಪನ್ನು ನೋಡಿ ಎದೆಗುಂದಬೇಡಿ, ಅದನ್ನು ಓದಿ. ಶುಲ್ಕ ಊರ್ಜಿತವಾದದ್ದು ಅದರ ಹಿಂದೆ ಒಂದು ನ್ಯಾಯಬದ್ಧ ಹಿತಾಸಕ್ತಿ ಇದ್ದುದರಿಂದ: ಒಬ್ಬರೇ ದಿನವಿಡೀ ಜಾಗ ಹಿಡಿದು ಕೂರದೆ, ಬರುವ ಗಿರಾಕಿಗಳಿಗೆಲ್ಲ ಜಾಗ ಸಿಗಬೇಕು ಎಂಬುದು. ಅಂಗಳದಲ್ಲಿ ಸುಮಾರು ಇಪ್ಪತ್ತು ದೊಡ್ಡ ಫಲಕಗಳೂ ಇದ್ದವು. ನಿಮಗೆಂದೇ ಗೆರೆ ಎಳೆದ ಜಾಗದಲ್ಲಿ ನೀವು ಎರಡು ಗಂಟೆ ನಿಂತರೂ ಎರಡು ತಿಂಗಳು ನಿಂತರೂ ಇನ್ನೊಬ್ಬರಿಗೆ ಜಾಗ ತಪ್ಪುವುದಿಲ್ಲ. ಅಲ್ಲಿ ರಕ್ಷಿಸಬೇಕಾದ ಹಿತ ಯಾವುದಾದರೂ ಇದ್ದರೆ ಅದು ನಿಮ್ಮದೇ. ನಿಮ್ಮ ಹಿತ ಕಾಯಲು ಬಂದವರು ನಿಮ್ಮಿಂದಲೇ ಶುಲ್ಕ ಕೇಳುವುದಕ್ಕೆ ಬೀವಿಸ್ ತೀರ್ಪು ಆಧಾರವಾಗಲಾರದು ಎಂದು ನನ್ನ ತಕರಾರಿನಲ್ಲಿ ಬರೆದದ್ದು ಇಷ್ಟನ್ನೇ.

ವಾಸದ ಕಟ್ಟಡಗಳ ಬಗ್ಗೆಯೇ ಬಂದ ತೀರ್ಪುಗಳೂ ಇವೆ. 2016ರ ಜೂನಿನಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ಮೇಲ್ಮನವಿಯಾಗಿ ಬಂದ ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ (ಇದೊಂದು ಕಂಪನಿಯ ಹೆಸರು) ಪ್ರಕರಣದಲ್ಲಿ, ಪೀಠೋಪಕರಣ ಇಳಿಸಲು ಕಟ್ಟಡದ ಬಾಗಿಲ ಬಳಿ ಕೆಲವು ನಿಮಿಷ ಕಾರು ನಿಲ್ಲಿಸಿದ್ದ ನಿವಾಸಿಯ ಪರವಾಗಿ ನ್ಯಾಯಾಧೀಶ ಚಾರ್ಲ್ಸ್ ಹ್ಯಾರಿಸ್ ತೀರ್ಪು ಕೊಟ್ಟರು. ಸಾಮಾನು ಇಳಿಸಲು ನಿಲ್ಲುವುದು ಬೇರೆ, ಪಾರ್ಕಿಂಗ್ ಮಾಡುವುದು ಬೇರೆ. ಅಂಚೆಯ ವ್ಯಾನು, ದಿನಸಿಯ ವ್ಯಾನು ನಿಲ್ಲಲಾರದ ಕಟ್ಟಡದಲ್ಲಿ ಜನ ಬದುಕುವುದು ಹೇಗೆ ಎಂಬುದು ಆ ತರ್ಕದ ತಿರುಳು. ಲೀಸು ಕೊಟ್ಟ ಹಕ್ಕನ್ನು ಆಮೇಲೆ ನೆಟ್ಟ ಫಲಕ ಏಕಪಕ್ಷೀಯವಾಗಿ ಕಿತ್ತುಕೊಳ್ಳಲಾರದು ಎಂದೂ ಅವರು ಹೇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ರಾಯ್ಡನ್ನಿನಲ್ಲಿ ತೀರ್ಮಾನವಾದ ಪೇಸ್ ವಿರುದ್ಧ ಮಿಸ್ಟರ್ ಎನ್ ಪ್ರಕರಣ ನನ್ನದಕ್ಕೆ ಇನ್ನೂ ಹತ್ತಿರ: ಲೀಸಿನಲ್ಲಿ ನಿಲ್ಲಿಸುವ ಹಕ್ಕಿದೆ, ಪರ್ಮಿಟ್ಟಿನ ಮಾತಿಲ್ಲ, ಹೀಗಾಗಿ ಪರ್ಮಿಟ್ಟು ತೋರಿಸಲೇಬೇಕೆಂದು ಮೂರನೆಯವರು ಕಡ್ಡಾಯ ಮಾಡಲಾಗದು. ಕೌಂಟಿ ಕೋರ್ಟಿನ ಇಂಥ ತೀರ್ಪುಗಳು ಮುಂದಿನ ನ್ಯಾಯಾಧೀಶರನ್ನು ಕಟ್ಟಿಹಾಕುವುದಿಲ್ಲ, ಮನವೊಲಿಸಬಲ್ಲವು ಅಷ್ಟೆ. ಕಟ್ಟಿಹಾಕುವ ಮೇಲಿನ ನ್ಯಾಯಾಲಯದ ತೀರ್ಪು ಬೇಕೆನ್ನುವವರು ಅಪೀಲು ನ್ಯಾಯಾಲಯದ 2001ರ ಸಯೀದ್ ವಿರುದ್ಧ ಪ್ಲಸ್‌ಟ್ರೇಡ್ ಪ್ರಕರಣವನ್ನು ನೋಡಬಹುದು. ಲೀಸಿನಲ್ಲಿ ಕೊಟ್ಟ ಪಾರ್ಕಿಂಗ್ ಹಕ್ಕನ್ನು ಭೂಮಾಲೀಕ ಆಮೇಲೆ ಗಣನೀಯವಾಗಿ ಮೊಟಕುಗೊಳಿಸುವಂತಿಲ್ಲ ಎಂಬುದು ಅಲ್ಲಿನ ತೀರ್ಮಾನ.

ಎಲ್ಲರ ಲೀಸೂ ನನ್ನದರಂತೆ ಇರುವುದಿಲ್ಲ ಎಂಬುದನ್ನು ಮುಚ್ಚಿಡುವುದು ತಪ್ಪಾಗುತ್ತದೆ. ‘ಪರ್ಮಿಟ್ಟು ಪ್ರದರ್ಶಿಸತಕ್ಕದ್ದು’ ಎಂದು ಲೀಸೇ ಹೇಳಿದ್ದರೆ ಈ ವಾದ ನಿಮ್ಮ ಕೈಗೆ ಬರುವುದಿಲ್ಲ. ಅತಿಥಿಗಳ ಜಾಗದಲ್ಲಿ, ಬೇರೆ ಮನೆಯ ಜಾಗದಲ್ಲಿ ನಿಲ್ಲಿಸಿ ಲೀಸನ್ನು ಮುಂದಿಟ್ಟು ಪ್ರಯೋಜನವಿಲ್ಲ. ಕಷ್ಟದ ನಡುದಾರಿಯೊಂದಿದೆ: ಭೂಮಾಲೀಕರು ಕಾಲಕಾಲಕ್ಕೆ ಮಾಡುವ ಸಮಂಜಸವಾದ ನಿಯಮಗಳನ್ನು ನಿವಾಸಿಗಳು ಪಾಲಿಸತಕ್ಕದ್ದು ಎಂಬ ಷರತ್ತು ಅನೇಕ ಲೀಸುಗಳಲ್ಲಿರುತ್ತದೆ, ನನ್ನದರಲ್ಲಿಯೂ ಇತ್ತು, ಎದುರು ಪಕ್ಷ ನೇತುಹಾಕಿಕೊಂಡದ್ದು ಅದನ್ನೇ. ಅದಕ್ಕೆ ಕೇಳಬೇಕಾದ ಪ್ರಶ್ನೆಗಳಿವೆ. ಆ ನಿಯಮವನ್ನು ಯಾರು, ಯಾವ ಸಭೆಯಲ್ಲಿ, ಲೀಸಿನ ಆ ಷರತ್ತಿನ ಅಡಿಯಲ್ಲಿಯೇ ಮಾಡಿದರೇ? ನಿಯಮ ಮಾಡುವ ಅಧಿಕಾರದಲ್ಲಿ, ಮೂರನೆಯ ಕಂಪನಿಗೆ ನೂರು ಪೌಂಡು ಕೊಡುವ ಸಾಲಗಾರನನ್ನಾಗಿ ನಿವಾಸಿಯನ್ನು ಮಾಡುವ ಅಧಿಕಾರವೂ ಸೇರಿದೆಯೇ? ಲೀಸನ್ನೇ ಬದಲಿಸುವುದಾದರೆ ಅದಕ್ಕೆ ಬೇರೆಯದೇ ದಾರಿಯಿದೆ. 1987ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯಿದೆಯ 37ನೆಯ ಕಲಮಿನ ಪ್ರಕಾರ, ಎಂಟಕ್ಕಿಂತ ಹೆಚ್ಚು ಲೀಸುಗಳಿರುವಲ್ಲಿ ಶೇಕಡಾ 75 ಮಂದಿ ಒಪ್ಪಬೇಕು, ಶೇಕಡಾ 10ಕ್ಕಿಂತ ಹೆಚ್ಚು ಮಂದಿ ವಿರೋಧಿಸಬಾರದು, ಆಮೇಲೆ ನ್ಯಾಯಮಂಡಳಿಯ ಆದೇಶ ಬೇಕು. ನಮ್ಮ ಕಟ್ಟಡದಲ್ಲಿ ನಡೆದದ್ದು ಒಂದು ಈಮೇಲು ಮಾತ್ರ.

ಲೀಸಿನ ಹೊರತಾಗಿಯೂ ನೋಡಬೇಕಾದ ಸಂಗತಿಗಳಿವೆ. ಚಾಲಕ ಯಾರೆಂದು ಕಂಪನಿಗೆ ತಿಳಿಯದಿದ್ದಾಗ ಅದು ವಾಹನ ನೋಂದಣಿಯ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಗೆ ಎರಡೂವರೆ ಪೌಂಡು ಕೊಟ್ಟು, ವಾಹನ ಯಾರ ಹೆಸರಿನಲ್ಲಿದೆಯೋ ಅವರ ವಿಳಾಸ ತರಿಸಿಕೊಳ್ಳುತ್ತದೆ. ಹಾಗೆ ನೋಂದಾಯಿತ ಕೀಪರನ್ನು ಹೊಣೆ ಮಾಡುವ ಅವಕಾಶ ಬಂದದ್ದು 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯಿದೆಯ ನಾಲ್ಕನೆಯ ಅನುಸೂಚಿಯಿಂದ. ಅದು ಜಾರಿಯಾದದ್ದು ಆ ವರ್ಷದ ಅಕ್ಟೋಬರ್ 1ರಂದು. ಕಾರಿನ ಗಾಲಿಗೆ ಬೀಗ ಜಡಿಯುವುದನ್ನು ಖಾಸಗಿ ಜಾಗಗಳಲ್ಲಿ ನಿಷೇಧಿಸಿದ್ದೂ ಅದೇ ಕಾಯಿದೆ. ಗಾಜಿನ ಮೇಲೆ ನೋಟಿಸು ಅಂಟಿಸದೆ ನೇರವಾಗಿ ಅಂಚೆಯಲ್ಲಿ ಕಳಿಸುವುದಾದರೆ, ಕೀಪರನ್ನು ಹೊಣೆ ಮಾಡಲು ಅದು 14 ದಿನದೊಳಗೆ ತಲುಪಬೇಕು; ಅದರಲ್ಲಿ ಇಂತಿಂಥ ಮಾತು ಇರಲೇಬೇಕೆಂಬ ಕಟ್ಟಳೆಯೂ ಇದೆ. ಕೀಪರಿನಿಂದ ವಸೂಲು ಮಾಡಬಹುದಾದದ್ದು ಆ ನೋಟಿಸಿನಲ್ಲಿದ್ದ ಮೊತ್ತವನ್ನು ಮೀರುವಂತಿಲ್ಲ, ಆದ್ದರಿಂದ ಮೇಲೆ ಹೇರಿದ 70 ಪೌಂಡನ್ನು ಪ್ರತ್ಯೇಕವಾಗಿಯೇ ಪ್ರಶ್ನಿಸಿ. ‘ಇಂಥ ಪತ್ರಗಳನ್ನು ಕಸದ ಬುಟ್ಟಿಗೆ ಹಾಕಿ ಸುಮ್ಮನಿರು’ ಎಂದು ಹೇಳುವ ಸ್ನೇಹಿತರು ಈಗಲೂ ಸಿಗುತ್ತಾರೆ. 2012ಕ್ಕೆ ಮುಂಚೆ ಇಲ್ಲಿಗೆ ಬಂದವರ ಆ ಸಲಹೆಗೆ ಆಗ ಬೆಲೆಯಿತ್ತು, ಈಗ ಅದು ಅಪಾಯ.

ಅಪಾಯ ಎಂದದ್ದು ಏಕಪಕ್ಷೀಯ ತೀರ್ಪಿನ, ಅಂದರೆ ನೀವು ಉತ್ತರಿಸದೆ ಸುಮ್ಮನಿದ್ದಾಗ ನಿಮ್ಮ ವಿರುದ್ಧ ತಾನಾಗಿ ಆಗಿಬಿಡುವ ತೀರ್ಪಿನ, ಕಾರಣಕ್ಕೆ. ನಾರ್ಥಾಂಪ್ಟನ್ನಿನ ರಾಷ್ಟ್ರೀಯ ಸಿವಿಲ್ ಕೇಂದ್ರದಿಂದ ಬರುವ ದಾವೆಯ ನಮೂನೆಯ ಮೇಲೆ ಹೊರಡಿಸಿದ ದಿನಾಂಕವಿರುತ್ತದೆ. ಅದಕ್ಕೆ ಐದು ದಿನ ಕೂಡಿಸಿದರೆ ಜಾರಿಯಾದ ದಿನ. ಅಲ್ಲಿಂದ 14 ದಿನದೊಳಗೆ ನಮೂನೆ ಸ್ವೀಕರಿಸಿದ್ದನ್ನು ಒಪ್ಪಿ ತಿಳಿಸಿದರೆ ತಕರಾರು ಸಲ್ಲಿಸಲು ಜಾರಿಯಾದ ದಿನದಿಂದ 28 ದಿನ ಸಿಗುತ್ತದೆ. ಮಾರ್ಚ್ 3ರಂದು ಹೊರಟ ದಾವೆಗೆ ಏಪ್ರಿಲ್ 5 ಕೊನೆಯ ದಿನ. ನಮ್ಮವರು ಸಿಕ್ಕಿಬೀಳುವುದು ಇಲ್ಲಿಯೇ. ಮಕ್ಕಳ ರಜೆಗೆ ಐದು ವಾರ ಊರಿಗೆ ಹೋಗಿರುತ್ತೇವೆ. ವಾಪಸು ಬಂದು ಬಾಗಿಲು ತಳ್ಳಿದರೆ ಪಿಜ್ಜಾ ಅಂಗಡಿಯ ಕರಪತ್ರಗಳ ಅಡಿಯಲ್ಲಿ ದಾವೆಯೂ ಅದರ ಅಡಿಯಲ್ಲಿ ತೀರ್ಪೂ ಬಿದ್ದಿರುತ್ತದೆ. ಇಲ್ಲವೇ ಬಾಡಿಗೆ ಮನೆ ಬದಲಿಸಿ ವಾಹನದ ದಾಖಲೆಯಲ್ಲಿ ವಿಳಾಸ ಬದಲಿಸಿರುವುದಿಲ್ಲ; ಎಲ್ಲವೂ ಹಳೆಯ ಮನೆಗೆ ಹೋಗಿರುತ್ತದೆ. ತೀರ್ಪಾದ ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ನಿಮ್ಮ ಹೆಸರಿನ ಮುಂದೆ ದಾಖಲಾಗಿ ಉಳಿಯುತ್ತದೆ, ಗೃಹಸಾಲ ಕೇಳಲು ಹೋದ ದಿನ ಎದುರಾಗುತ್ತದೆ. ರದ್ದುಪಡಿಸಲು ಅರ್ಜಿ ಹಾಕಬಹುದು, ಆದರೆ ಅದರ ಶುಲ್ಕವೇ 300 ಪೌಂಡಿಗಿಂತ ಹೆಚ್ಚು. ದಾವೆಗೆ ಮೊದಲು ಬರುವ ಎಚ್ಚರಿಕೆಯ ಪತ್ರಕ್ಕೆ ಉತ್ತರಿಸಲು 30 ದಿನ ಇರುತ್ತದೆ; ಆಗಲೇ ಲೀಸಿನ ಪುಟ ಲಗತ್ತಿಸಿ, ಈಗಿನ ವಿಳಾಸ ಬರೆದು ಉತ್ತರಿಸಿದರೆ ಈ ತೊಂದರೆ ಅರ್ಧ ತಪ್ಪುತ್ತದೆ.

ತಕರಾರು ಬರೆಯುವಾಗ, ಕಂಪನಿ ನಿಮ್ಮ ಮೇಲೆ ಹೊರಿಸಿರುವುದು ಏನೆಂದು ಮೊದಲು ನೋಡಿ. ‘ಷರತ್ತು ಉಲ್ಲಂಘನೆ’ ಎಂದಷ್ಟೇ ಬರೆದು, ಯಾವ ಷರತ್ತು, ಏನು ಮಾಡಿ ಮುರಿದಿರಿ ಎಂಬುದನ್ನು ಹೇಳದ ದಾವೆಗಳು ಬಹಳ. ಅಂಥದೊಂದು ದಾವೆಯನ್ನು 2023ರ ಆಗಸ್ಟಿನಲ್ಲಿ ಲೂಟನ್ನಿನ ನ್ಯಾಯಾಧೀಶ ಮರ್ಚ್ ಮೇಲ್ಮನವಿಯಲ್ಲಿ ಹೊಡೆದುಹಾಕಿದ್ದಾರೆ. ಆ ಮೇಲೆ ನಿಮ್ಮ ಸಂಗತಿ ನಿಮ್ಮ ಮಾತಿನಲ್ಲೇ ಬರಲಿ. ಬೇರೆಯವರ ಇಪ್ಪತ್ತು ಪುಟದ ತಕರಾರನ್ನು ಎತ್ತಿ ಅಂಟಿಸಿದರೆ, ದಿನಕ್ಕೆ ಹತ್ತು ಇಂಥ ಕಡತ ನೋಡುವ ನ್ಯಾಯಾಧೀಶರಿಗೆ ಎರಡನೆಯ ಪುಟಕ್ಕೇ ಗೊತ್ತಾಗುತ್ತದೆ. ನನ್ನದು ಒಂದೂವರೆ ಪುಟವಿತ್ತು. 2024ರ ಮೇ 22ರಿಂದ ಈಚೆಗೆ ಹೂಡಿದ ಇಂಥ ಸಣ್ಣ ಹಣದ ದಾವೆಗಳಲ್ಲಿ ಫೋನಿನ ಮೂಲಕ ಒಂದು ಗಂಟೆಯ ಉಚಿತ ಸಂಧಾನಕ್ಕೆ ಕೂರುವುದು ಕಡ್ಡಾಯ. ಕೂರಲೇಬೇಕು, ಒಪ್ಪಲೇಬೇಕೆಂದಿಲ್ಲ, ‘ನೂರಿಪ್ಪತ್ತಕ್ಕೆ ಮುಗಿಸೋಣವೇ’ ಎಂದು ಬಂದ ಮಾತಿಗೆ ನಾನು ಲೀಸಿನ ಪುಟಸಂಖ್ಯೆ ಹೇಳಿ ಸುಮ್ಮನಾದೆ.

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮ ಊರಿನ ಸಿವಿಲ್ ಕೋರ್ಟುಗಳ ಜಗುಲಿಯಲ್ಲಿ ಹುಟ್ಟಿದ್ದು, ಅಲ್ಲಿ ಅದು ನಿಜವೂ ಹೌದು. ಇಲ್ಲಿನ ಸಣ್ಣ ದಾವೆಗಳ ವಿಭಾಗಕ್ಕೆ ಅದು ಹೊಂದುವುದಿಲ್ಲ. ಸೋತರೂ ಎದುರು ಪಕ್ಷದ ವಕೀಲರ ಪೂರ್ತಿ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ. ಶುಲ್ಕ, ಬಡ್ಡಿ, ನಿಗದಿತ ಅಲ್ಪ ವೆಚ್ಚ ಇಷ್ಟೇ, ನಡತೆ ತೀರಾ ಅಸಮಂಜಸವಾಗಿದ್ದರೆ ಮಾತ್ರ ಹೆಚ್ಚು. ಸೋತು ಒಂದು ತಿಂಗಳೊಳಗೆ ಕಟ್ಟಿದರೆ ದಾಖಲೆಯಲ್ಲಿಯೂ ಉಳಿಯುವುದಿಲ್ಲ. ಈ ಲೆಕ್ಕವನ್ನು ಯುಗಾದಿಯ ಸಂಜೆ ಹೇಳಿದಾಗ, ಹಣ ಕಟ್ಟಿದ್ದ ಒಬ್ಬರು ಹೋಳಿಗೆಯ ತಟ್ಟೆ ಕೆಳಗಿಟ್ಟು ಇನ್ನೊಮ್ಮೆ ಕೇಳಿದರು.

ವಿಚಾರಣೆ ನಡೆದದ್ದು ಕಟಕಟೆಯಿರುವ ಸಭಾಂಗಣದಲ್ಲಲ್ಲ. ಉದ್ದನೆಯ ಮೇಜು, ಒಂದು ಜಗ್ಗಿನಲ್ಲಿ ನೀರು, ಕೋಟು ಧರಿಸಿದ ನ್ಯಾಯಾಧೀಶೆ, ಕಂಪನಿಯ ಪರವಾಗಿ ಆ ಬೆಳಗ್ಗೆಯಷ್ಟೇ ಕಡತ ಕೈಗೆ ಸಿಕ್ಕಂತಿದ್ದ ಒಬ್ಬ ಯುವಕ. ಅವನ ಸಾಕ್ಷ್ಯದಲ್ಲಿ ಫಲಕದ ಫೋಟೋ ಇತ್ತು, ಬೀವಿಸ್ ತೀರ್ಪಿನ ಪ್ರತಿ ಇತ್ತು, ಕಂಪನಿಗೂ ಆಡಳಿತ ಕಂಪನಿಗೂ ಆದ ಒಪ್ಪಂದದ ಅರ್ಧ ಕಪ್ಪು ಬಳಿದ ಪುಟ ಇತ್ತು. ಲೀಸಿನ ಬಗ್ಗೆ ಒಂದು ಸಾಲು ಮಾತ್ರ ಇತ್ತು. ನ್ಯಾಯಾಧೀಶೆ ನನ್ನ ಲೀಸಿನ ನಕ್ಷೆ ತಿರುಗಿಸಿ, ನೀಲಿ ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟು, ಕಾರು ನಿಂತಿದ್ದದ್ದು ಇಲ್ಲಿಯೇ ಎಂಬುದನ್ನು ಒಪ್ಪುತ್ತೀರಾ ಎಂದು ಯುವಕನನ್ನು ಕೇಳಿದರು. ಒಪ್ಪಿದ. ನಿಯಮ ಮಾಡುವ ಷರತ್ತಿನ ಅಡಿಯಲ್ಲಿ ನಿಯಮ ಮಾಡಿದ ದಾಖಲೆ ಎಲ್ಲಿ ಎಂದರು. ಅವನು ಪುಟ ಮಗುಚಿದ, ಮತ್ತೆ ಮಗುಚಿದ, ಇಲ್ಲ ಎಂದ. ಮೂವತ್ತೈದು ನಿಮಿಷದಲ್ಲಿ ದಾವೆ ವಜಾ ಆಯಿತು. ಆ ದಿನದ ಸಂಬಳ ನಷ್ಟಕ್ಕೆಂದು, ನಿಯಮದಲ್ಲಿರುವ ಗರಿಷ್ಠ ಮಿತಿಯಾದ 95 ಪೌಂಡನ್ನು ನನಗೆ ಕೊಡಿಸಿದರು. ಹೊರಗೆ ಬಂದಾಗ ಆ ಯುವಕನೇ ಲಿಫ್ಟಿನ ಬಾಗಿಲು ಹಿಡಿದು ನಿಂತ, ತಾನೂ ಒಂದು ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೇನೆ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಸರ್ಕಾರ ಇದನ್ನೆಲ್ಲ ಸರಿಪಡಿಸುತ್ತದೆಂದು ಕಾಯುವವರಿಗೆ ಒಂದು ಮಾತು. 2019ರಲ್ಲಿ ಸಂಸತ್ತು ಪಾರ್ಕಿಂಗ್ ನಡವಳಿ ಸಂಹಿತೆಯ ಕಾಯಿದೆ ಮಾಡಿತು. 2022ರ ಫೆಬ್ರವರಿಯಲ್ಲಿ ಸಂಹಿತೆ ಪ್ರಕಟವಾಯಿತು, ವಸೂಲಿಯ ಹೆಚ್ಚುವರಿ ಶುಲ್ಕವನ್ನು ಅದು ನಿಷೇಧಿಸಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದ ಮೇಲೆ ಅದೇ ಜೂನಿನಲ್ಲಿ ಹಿಂತೆಗೆಯಲಾಯಿತು. 2025ರ ಜುಲೈನಲ್ಲಿ ಹೊಸ ಸಂಹಿತೆಯ ಬಗ್ಗೆ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿದರು. ನಡುವೆ 2024ರ ಅಕ್ಟೋಬರಿನಿಂದ ಕಂಪನಿಗಳ ಎರಡು ಸಂಘಗಳು ತಮ್ಮದೇ ಜಂಟಿ ಸಂಹಿತೆಯನ್ನು ನಡೆಸುತ್ತಿವೆ. ಅದರಲ್ಲಿ 100 ಪೌಂಡಿಗೂ ಅವಕಾಶವಿದೆ, ಮೇಲಿನ 70ಕ್ಕೂ ಇದೆ.

ಕೊನೆಗೆ ನಿರ್ದೇಶಕರಾಗಿರುವ ನಮ್ಮವರಿಗೆ. ನಿಮ್ಮ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಸಂಬಳವಿಲ್ಲದೆ, ರಾತ್ರಿ ಒಂಬತ್ತರ ಮೇಲೆ, ಸೋರುವ ಸೂರು ಕೆಟ್ಟ ಲಿಫ್ಟುಗಳ ಈಮೇಲಿಗೆ ಉತ್ತರ ಬರೆಯುವವರು ನೀವು. ರೈಲು ನಿಲ್ದಾಣಕ್ಕೆ ಹೋಗುವವರು ನಮ್ಮ ಅಂಗಳದಲ್ಲಿ ಕಾರು ಬಿಟ್ಟು ಹೋಗುತ್ತಿದ್ದದ್ದೂ ನಿಜ. ಪಾರ್ಕಿಂಗ್ ಕಂಪನಿ ಬಂದು ‘ನಿಮಗೆ ಒಂದು ಪೆನ್ನಿ ಖರ್ಚಿಲ್ಲ’ ಎಂದಾಗ ನೀವು ಹಿಗ್ಗಿದಿರಿ. ಖರ್ಚಿಲ್ಲ ಎಂದರೆ ಅವರ ಆದಾಯ ಎಲ್ಲಿಂದ ಎಂದು ಅಲ್ಲಿಯೇ ಕೇಳಬೇಕಿತ್ತು. ಬೀವಿಸ್ ಪ್ರಕರಣದಲ್ಲಿ ಕಂಪನಿಯೇ ಜಾಗದವರಿಗೆ ವಾರಕ್ಕೆ ಸಾವಿರ ಪೌಂಡು ಕೊಡುತ್ತಿತ್ತು, ಅಷ್ಟು ಹಣ ಗಿರಾಕಿಗಳ ಶುಲ್ಕದಿಂದ ಹುಟ್ಟಬೇಕಿತ್ತು. ಹೊರಗಿನವರು ನಮ್ಮ ಅಂಗಳದಿಂದ ಎರಡೇ ತಿಂಗಳಲ್ಲಿ ಮಾಯವಾದರು. ಆದರೆ ಕಂಪನಿಯ ಪಹರೆಯವನು ಬರುವುದು ನಿಲ್ಲಲಿಲ್ಲ, ಮತ್ತು ಆಮೇಲೆ ಅವನಿಗೆ ಸಿಗುವವರು ನಾವು ಮಾತ್ರ.

ಆದ್ದರಿಂದ ಒಪ್ಪಂದ ಮಾಡುವುದೇ ಆದರೆ, ಅಥವಾ ಇರುವುದನ್ನು ನವೀಕರಿಸುವುದಾದರೆ, ನಿವಾಸಿಗಳ ವಾಹನ ಸಂಖ್ಯೆಗಳ ಪಟ್ಟಿಯನ್ನು ಕಂಪನಿಗೆ ಕೊಟ್ಟು ಕಾಗದದ ಪರ್ಮಿಟ್ಟನ್ನು ತೆಗೆಸಿ. ಲೀಸಿನಲ್ಲಿ ಒಂದು ಮನೆಗೆ ಬರೆದುಕೊಟ್ಟ ಜಾಗದಲ್ಲಿ ಆ ಮನೆಯವರ ದೂರಿಲ್ಲದೆ ನೋಟಿಸು ಹಾಕಕೂಡದು ಎಂದು ಬರೆಸಿ. ಯಾವ ನೋಟಿಸನ್ನಾದರೂ, ದಾವೆ ಹೂಡಿದ ಮೇಲೂ, ರದ್ದು ಮಾಡಿಸುವ ಅಧಿಕಾರ ಆಡಳಿತ ಕಂಪನಿಯ ಕೈಯಲ್ಲಿ ಉಳಿಯಲಿ; ನನ್ನ ನೋಟಿಸಿನ ಬಗ್ಗೆ, ಆಡಳಿತ ಕಂಪನಿಯ ಪರವಾಗಿ ಕಟ್ಟಡ ನೋಡಿಕೊಳ್ಳುವ ನಮ್ಮ ಏಜೆಂಟರಿಗೆ ಮೂರು ಸಲ ಬರೆದಾಗ ಬಂದ ಉತ್ತರ ‘ಅದು ನಮ್ಮ ಕೈಯಲ್ಲಿಲ್ಲ’ ಎಂದೇ ಇತ್ತು, ಮತ್ತು ಅವರು ಸಹಿ ಹಾಕಿದ್ದ ಒಪ್ಪಂದದ ಪ್ರಕಾರ ಅದು ನಿಜವೂ ಆಗಿತ್ತು.

ನಮ್ಮ ಕಟ್ಟಡದ ಆ ಒಪ್ಪಂದದ ನವೀಕರಣ ಮುಂದಿನ ತಿಂಗಳ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಐದನೆಯ ವಿಷಯವಾಗಿ ಬಂದಿದೆ. ನೀಲಿ ಗೆರೆಯ ನಕ್ಷೆ ಮತ್ತು ಹಕ್ಕುಗಳ ಅನುಸೂಚಿಯ ಪ್ರತಿಗಳನ್ನು ಕಳೆದ ಭಾನುವಾರ ನಲವತ್ತೆಂಟು ಮನೆಗಳ ಬಾಗಿಲ ಸಂದಿಯಿಂದಲೂ ಒಳಗೆ ಹಾಕಿ ಬಂದಿದ್ದೇನೆ.

ಇಂತಿ ನಿಮ್ಮವ,
ರೆಡಿಂಗಿನ ಒಬ್ಬ ಫ್ಲ್ಯಾಟುವಾಸಿ